ಊರಿನ ಮಲ್ಲಿಗೆ ಬಾಡದಿರಲು

ಹೋದ ವರ್ಷದ ಚೌತಿಗೆಂದು ಊರಿನಿಂದ ಒಂದು ಅಟ್ಟೆ, ಎಂದರೆ 4 ಚೆಂಡು, ಶಂಕರಪುರದ ಮಲ್ಲಿಗೆ ತರಿಸಿದ್ದೆವು. ಜೋಪಾನವೆಂದು ನೀರಿನಲ್ಲಿ ಅದ್ದಿ, ಫ್ರಿಜ್ಜಿನಲ್ಲಿ ಬಾಳೆಹಣ್ಣಿನ ಪಕ್ಕದಲ್ಲಿಟ್ಟೆವು. ಬೆಳಗಿನ ಪೂಜೆಗೆ ತೆಗೆದರೆ ಹೂವೆಲ್ಲ ಕಂದು! ಅತ್ತೆಯವರು ಏನೂ ಅನ್ನಲಿಲ್ಲ. ನಮಗೆ ಅದೇ ಹೆಚ್ಚು ನೋವಾಯಿತು.

ಮಾಗಿದ ಹಣ್ಣು ಹೊರಬಿಡುವ ಎಥಿಲೀನ್ ಅನಿಲ ಹೂವಿಗೆ ಬೇಗ ಮುಪ್ಪು ತರುತ್ತದೆ. ಎಸಳಿನ ಮೇಲೆ ನಿಂತ ನೀರು ಕೊಳೆಸುತ್ತದೆ. ಊರಿನವರು ಬಾಳೆನಾರಿನಲ್ಲಿ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ ಕಳಿಸುವುದು ಸುಮ್ಮನೆಯಲ್ಲ. ಆ ಪೊಟ್ಟಣವನ್ನು ಬಿಚ್ಚದೆ, ಚೆನ್ನಾಗಿ ಹಿಂಡಿದ ಒದ್ದೆಬಟ್ಟೆ ಸುತ್ತಿ, ಹಣ್ಣಿನಿಂದ ದೂರವಿಡಿರಿ.

ದಾದರಿನ ಹೂಪೇಟೆಯ ಗುಲಾಬಿಯ ಮಾತು ಬೇರೆ: ಕಾಂಡವನ್ನು ನೀರೊಳಗೇ ಓರೆಯಾಗಿ ಕತ್ತರಿಸಿ, ಮುಳುಗುವ ಎಲೆ ಕಿತ್ತು, ದಿನವೂ ನೀರು ಬದಲಿಸಬೇಕು.

ಈ ಸಲ ಚೌತಿಯ ಬೆಳಗ್ಗೆ ಮಲ್ಲಿಗೆ ಬೆಳ್ಳಗೇ ಇತ್ತು. ಪೂಜೆಗಾಗಿ ಉಳಿದ ತುಂಡನ್ನು ಅತ್ತೆಯವರೇ ಮುಡಿದರು.