ರೇಷ್ಮೆ ದ್ರವ ಎಳೆಯಾಗುವುದು ಹೇಗೆ? ಹಿಂಸೆ ನಡೆಯುವುದು ಯಾವ ಹಂತದಲ್ಲಿ?

ಪೂಜೆ, ವ್ರತ, ಮದುವೆಗಳಲ್ಲಿ ರೇಷ್ಮೆ ಉಡುವ ರೂಢಿ ಅನೇಕ ಜೈನ ಮನೆಗಳಲ್ಲಿದೆ. ರೇಷ್ಮೆಗಾಗಿ ಜೀವಹಾನಿಯಾಗುತ್ತದೆ ಎಂಬುದು ಬಹುತೇಕರಿಗೆ ಗೊತ್ತು. ಆದರೆ ಅದು ಯಾವ ಹಂತದಲ್ಲಿ, ಏತಕ್ಕಾಗಿ ಎಂಬುದನ್ನು ತಿಳಿಯಲು ಎಳೆ ಹುಟ್ಟುವ ಬಗೆಯನ್ನು ನೋಡಬೇಕು.

ಹಿಪ್ಪುನೇರಳೆ ಸೊಪ್ಪು ತಿಂದು ಹಣ್ಣಾದ ಹುಳುವಿನ ದೇಹದಲ್ಲಿ ಎರಡು ಉದ್ದನೆಯ ರೇಷ್ಮೆ ಗ್ರಂಥಿಗಳಿರುತ್ತವೆ. ಅವುಗಳ ಹಿಂಭಾಗದಲ್ಲಿ ಫೈಬ್ರಾಯಿನ್ ಎಂಬ ಪ್ರೋಟೀನ್ ತಯಾರಾಗಿ ನಡುಭಾಗದಲ್ಲಿ ಶೇಖರವಾಗುತ್ತದೆ. ಅಲ್ಲಿ ಸೆರಿಸಿನ್ ಎಂಬ ಅಂಟು ಅದರ ಸುತ್ತ ಸೇರುತ್ತದೆ. ಈ ದ್ರವದಲ್ಲಿ ಸುಮಾರು ಕಾಲು ಭಾಗ ಪ್ರೋಟೀನ್. ಉಳಿದದ್ದು ಬಹುಪಾಲು ನೀರು. ನೋಡಲು ಬೆಲ್ಲದ ಪಾಕದಂತೆ ಮಂದ.

ಪಾಕ ಎಳೆ ಬರಲು ಕಾಯಿಸಬೇಕು. ರೇಷ್ಮೆ ದ್ರವಕ್ಕೆ ಬಿಸಿ ಬೇಡ, ಎಳೆತ ಸಾಕು. ಹುಳು ಎಳೆಯ ತುದಿಯನ್ನು ಚಂದ್ರಿಕೆಗೆ ಅಂಟಿಸಿ, ತಲೆಯನ್ನು 8ರ ಆಕಾರದಲ್ಲಿ ಆಡಿಸುತ್ತದೆ. ಆಗ ದ್ರವ ಕಿರಿದಾಗುತ್ತ ಹೋಗುವ ನಾಳದಲ್ಲಿ ಹರಿಯುತ್ತದೆ. ವೇಗ ಹೆಚ್ಚಿದಂತೆ ಅದರ ಮಂದತನ ಕಡಿಮೆಯಾಗಿ ಸರಾಗವಾಗಿ ಸಾಗುತ್ತದೆ. ಮುದುಡಿಕೊಂಡಿದ್ದ ಪ್ರೋಟೀನ್ ಸರಪಣಿಗಳು ಎಳೆತಕ್ಕೆ ಬಿಚ್ಚಿಕೊಂಡು ಒಂದೇ ದಿಕ್ಕಿಗೆ ಸಾಲುಗೊಳ್ಳುತ್ತವೆ. ನಾಳದಲ್ಲಿ ಆಮ್ಲೀಯತೆ ಹೆಚ್ಚಿ, ನೀರು ಬೇರ್ಪಟ್ಟು, ಸರಪಣಿಗಳು ಪದರಗಳಾಗಿ ಬಿಗಿದುಕೊಳ್ಳುತ್ತವೆ. ರೇಷ್ಮೆಯ ಬಲಕ್ಕೆ ಈ ಬಿಗಿತವೇ ಕಾರಣ. ಹೀಗೆ ಗಟ್ಟಿಯಾದ ಎಳೆ ಮತ್ತೆ ನೀರಿನಲ್ಲಿ ಕರಗುವುದಿಲ್ಲ.

ಎರಡು ಮೂರು ದಿನಗಳಲ್ಲಿ ಗೂಡು ಮುಗಿಯುತ್ತದೆ. ಅಲ್ಲಿಗೆ ರೇಷ್ಮೆ ಸಿದ್ಧ. ಎಳೆ ಹುಟ್ಟುವುದಕ್ಕೆ ಯಾವ ಜೀವವೂ ಸಾಯಬೇಕಾಗಿಲ್ಲ.

ಹಿಂಸೆ ಬರುವುದು ನಂತರ. ಗೂಡಿನೊಳಗೆ ಹುಳು ಕೋಶವಾಗಿ, ಬಳಿಕ ಪತಂಗವಾಗುತ್ತದೆ. ಪತಂಗ ಒಂದು ರಸ ಸುರಿಸಿ, ಸೆರಿಸಿನ್ ಅಂಟನ್ನು ಮೆದುವಾಗಿಸಿ, ಗೂಡಿಗೆ ತೂತು ಮಾಡಿಕೊಂಡು ಹೊರಬರುತ್ತದೆ. ಅಂಥ ಗೂಡಿನಿಂದ ಉದ್ದನೆಯ ಅಖಂಡ ಎಳೆ ಸಿಗುವುದಿಲ್ಲ. ಉತ್ತಮ ಗೂಡಿನಲ್ಲಿ ಈ ಎಳೆ ಸುಮಾರು 1000 ಮೀಟರ್ ಇರುತ್ತದೆ. ಅದನ್ನು ಉಳಿಸಿಕೊಳ್ಳಲು ಕೋಶವನ್ನು ಹಬೆ ಅಥವಾ ಬಿಸಿ ಗಾಳಿಯಿಂದ ಕೊಲ್ಲುತ್ತಾರೆ. ನಂತರ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಅಂಟು ಸಡಿಲಿಸಿ ನೂಲು ಬಿಚ್ಚುತ್ತಾರೆ. ರಾಮನಗರ, ಶಿಡ್ಲಘಟ್ಟ ಮಾರುಕಟ್ಟೆಗಳ ಗೂಡುಗಳು ಸಾಮಾನ್ಯವಾಗಿ ಹೋಗುವುದು ಈ ಬಿಚ್ಚಾಣಿಕೆಗೇ. 1 ಕಿಲೋ ಕಚ್ಚಾ ರೇಷ್ಮೆಗೆ ಸಾವಿರಾರು ಗೂಡುಗಳು ಬೇಕು. ಒಂದೊಂದು ಗೂಡಿನಲ್ಲೂ ಒಂದು ತ್ರಸ ಜೀವ.

ಇದಕ್ಕೆ ಪರ್ಯಾಯವೂ ಇದೆ. ಹೈದರಾಬಾದಿನ ಕುಸುಮ ರಾಜಯ್ಯ ಅವರ ಪ್ರಯತ್ನದಿಂದ ಹೆಸರಾದ ‘ಅಹಿಂಸಾ ರೇಷ್ಮೆ’ಯಲ್ಲಿ ಪತಂಗ ಹೊರಬಂದ ಮೇಲೆ ಉಳಿದ ಗೂಡನ್ನು ಹತ್ತಿಯಂತೆ ನೂಲುತ್ತಾರೆ. ಇದರ ಹೊಳಪು ಕಡಿಮೆ, ಬೆಲೆ ಹೆಚ್ಚು. ಈರಿ ರೇಷ್ಮೆಯ ಗೂಡಿನ ಒಂದು ತುದಿ ತೆರೆದೇ ಇರುತ್ತದೆ. ಪತಂಗ ಸುಲಭವಾಗಿ ಹೊರಬರಬಹುದು. ಆದರೆ ಅಸ್ಸಾಂ ಕಡೆ ಈರಿ ಕೋಶವನ್ನು ಆಹಾರಕ್ಕೂ ಬಳಸುತ್ತಾರೆ. ಆದ್ದರಿಂದ ‘ಈರಿ’ ಎಂಬ ಹೆಸರೊಂದೇ ಸಾಲದು.

ಅಂಗಡಿಯಲ್ಲಿ ‘ಶುದ್ಧ ರೇಷ್ಮೆಯೇ?’ ಎಂದು ಕೇಳುವವರು ‘ಪತಂಗ ಹೊರಬಂದ ಗೂಡಿನ ನೂಲೇ?’ ಎಂದೂ ಕೇಳಬೇಕು. ಖಚಿತ ಉತ್ತರ ಸಿಗದಿದ್ದರೆ ಮಡಿಗೆ ಒಗೆದ ಹತ್ತಿ ಬಟ್ಟೆ ಸಾಕು. ಜಿನಪೂಜೆಯಲ್ಲಿ ಬಟ್ಟೆಯ ಹೊಳಪಿಗಿಂತ ಜೀವದಯೆ ದೊಡ್ಡದು.