ಪ್ಯೂನ್ ಎಂಬ ಕಾಲಾಳು

ನಮ್ಮ ಸಾಂತಾಕ್ರೂಜ್ ಎಂಬ ಹೆಸರಿನಂತೆ, ಕಛೇರಿಯ ‘ಪ್ಯೂನ್’ ಶಬ್ದವೂ ಪೋರ್ಚುಗೀಜರ ಬಳುವಳಿ. ಅದರ ಕುಲಗೋತ್ರ ಸ್ವಾರಸ್ಯಕರವಾದುದು.

ಲ್ಯಾಟಿನ್ ಭಾಷೆಯಲ್ಲಿ ‘ಪೆಸ್’ ಎಂದರೆ ಪಾದ. ಅದರಿಂದ ಹುಟ್ಟಿದ ‘ಪ್ಯೂನ್’, ಕುದುರೆಯಿಲ್ಲದೆ ಕಾದುವ ಕಾಲಾಳು. ಚದುರಂಗದ ಕಾಲಾಳಿಗೆ ಇಂಗ್ಲಿಷರು ಹೇಳುವ ‘ಪಾನ್’ ಇದರ ಒಡಹುಟ್ಟು. ನಮ್ಮ ‘ಪದಾತಿ’, ಪಾರಸಿಯಿಂದ ಬಂದ ಪೊಲೀಸ್ ‘ಪೇದೆ’, ಮರಾಠಿಗರ ಚದುರಂಗದ ‘ಪ್ಯಾದೆ’, ಎಲ್ಲವೂ ಅದೇ ಬಳ್ಳಿಯ ಕಾಯಿಗಳು.

ಇಲ್ಲಿ ಈ ಕಾಲಾಳು ಕ್ರಮೇಣ ಓಲೆ ಒಯ್ಯುವವನಾದನು. ಅತ್ತ ಸ್ಪ್ಯಾನಿಷ್ ಅಮೇರಿಕದಲ್ಲಿ ಸಾಲಕ್ಕೆ ಸಿಕ್ಕಿದ ಜೀತದಾಳಾದನು. ಅಮೇರಿಕ ಸಂಯುಕ್ತ ಸಂಸ್ಥಾನವು ಆ ಜೀತವನ್ನು 1867ರಲ್ಲಿ ಕಾಯದೆಯಿಂದ ನಿಷೇಧಿಸಿತು.

ಕನ್ನಡದ ‘ಜವಾನ’ನ ಪಾಡೇನು? ಪಾರಸಿಯಲ್ಲಿ ಅವನು ತರುಣ; ನಮ್ಮ ‘ಯುವಕ’ನ ನಂಟ. 1965ರಲ್ಲಿ ಶಾಸ್ತ್ರೀಜಿಯವರು ಜವಾನನಿಗೆ ಜಯವೆಂದಾಗ ದೇಶವೇ ತಲೆಬಾಗಿತು. ಅದೇ ಶಬ್ದ ಕಛೇರಿಯ ಬಾಗಿಲಲ್ಲಿ ತಾತ್ಸಾರದ ಕೂಗು! ಮುಂಬಯಿಯ ‘ಶಿಪಾಯಿ’ಯೂ ಮೂಲತಃ ಸೈನಿಕನೇ.

ಆರನೆಯ ವೇತನ ಆಯೋಗದ 2008ರ ವರದಿಯ ಬಳಿಕ ಕೇಂದ್ರ ಸರಕಾರದ ಪ್ಯೂನರು ‘ಮಲ್ಟಿ ಟಾಸ್ಕಿಂಗ್ ಸ್ಟಾಫ್’ ಎನಿಸಿಕೊಂಡರು. ಹೆಸರೇನೋ ಬದಲಾಯಿತು. ಆದರೆ “ಓದದಿದ್ದರೆ ಪ್ಯೂನ್ ಆಗುತ್ತೀ” ಎಂದು ಮಕ್ಕಳನ್ನು ಗದರಿಸುವ ನಮ್ಮ ಮನೆಮಾತು ಬದಲಾಗಿದೆಯೇ? ಹಗಲು ಫೈಲು ಹೊತ್ತು, ರಾತ್ರಿಶಾಲೆಯಲ್ಲಿ ಕಲಿತು, ಮಕ್ಕಳನ್ನು ಓದಿಸಿದ ಹಿರಿಯರು ಮುಂಬಯಿ ಕನ್ನಡಿಗರಲ್ಲಿ ಕಡಿಮೆಯೇ?

ಶಬ್ದಕ್ಕೆ ಮೆತ್ತಿದ ಕೊಳೆಯನ್ನು ಸರಕಾರಿ ಆಜ್ಞೆ ತೊಳೆಯಲಾರದು. ಆ ಕೆಲಸ ಮನೆಮಂದಿಯದು. ಮಕ್ಕಳ ಮುಂದೆ ಅವರನ್ನು ಹೆಸರು ಹಿಡಿದು, ಬಹುವಚನದಲ್ಲಿ ಕರೆದರೆ ಸಾಕು, ಅರ್ಧ ಕೊಳೆ ಹೋದಂತೆಯೇ.