ಗೆಲ್ಲದೆಯೂ ಹೆಸರಾದ ಎಂಟು ಸಿಲಿಂಡರ್

ಇಟಲಿಯ ಕೋಮೋ ಸರೋವರದ ದಂಡೆಯಲ್ಲಿ ಮಾಂದೆಲ್ಲೊ ದೆಲ್ ಲಾರಿಯೊ ಎಂಬ ಪುಟ್ಟ ಊರಿದೆ. ಮೋಟೋ ಗುಝಿ ಬೈಕುಗಳ ತವರು ಅದು. ಕಾರ್ಲೊ ಗುಝಿ ಮತ್ತು ಜಾರ್ಜಿಯೊ ಪರೋದಿ 1921ರಲ್ಲಿ ಕಂಪನಿ ಶುರುಮಾಡಿದರು. ಅವರೊಂದಿಗೆ ಸೇರಬೇಕಿದ್ದ ಗೆಳೆಯ ರವೆಲ್ಲಿ ಅಷ್ಟರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ಕಂಪನಿಯ ಲಾಂಛನದ ಹದ್ದು ಅವನ ನೆನಪಿಗೆ. ಗುಝಿಯ ಚರಿತ್ರೆ ದೊಡ್ಡದೇ. ಆದರೆ ಇಲ್ಲಿ ಹೇಳಹೊರಟಿರುವುದು ಮೂರೇ ವರ್ಷ ಓಡಿದ ಒಂದು ಬೈಕಿನ ಕಥೆ.

ಎಂಜಿನಿಯರ್ ಜೂಲಿಯೊ ಚೇಸರೆ ಕಾರ್ಕಾನೊ 1955ರಲ್ಲಿ ಅದನ್ನು ಕಣಕ್ಕಿಳಿಸಿದರು. ಎದುರಾಳಿ ಗಿಲೇರಾ, ಎಂವಿ ಅಗುಸ್ಟಾಗಳಿಗೆ ನಾಲ್ಕು ಸಿಲಿಂಡರ್. ಕಾರ್ಕಾನೊ ಎಂಟು ಇಟ್ಟರು, ಅದೂ 500 ಸಿಸಿಯೊಳಗೆ! ಒಂದೊಂದು ಸಿಲಿಂಡರಿಗೆ ಸುಮಾರು 62 ಸಿಸಿ: ನಮ್ಮ ಹಳೆಯ ಟಿವಿಎಸ್ 50 ಮೊಪೆಡ್ಡಿನದಕ್ಕಿಂತ ತುಸುವೇ ದೊಡ್ಡದು. ಎಂಟಕ್ಕೂ ಪ್ರತ್ಯೇಕ ಕಾರ್ಬ್ಯುರೇಟರ್. ಎಂಟನ್ನೂ ಒಂದೇ ಹದಕ್ಕೆ ತರಬೇಕಿದ್ದ ಮೆಕ್ಯಾನಿಕ್‌ನ ಪಾಡು ಏನಿದ್ದೀತು! ತಂಪಿಗೆ ನೀರು. ನಿಮಿಷಕ್ಕೆ 12,000 ಸುತ್ತು, ಎಪ್ಪತ್ತಕ್ಕೂ ಹೆಚ್ಚು ಅಶ್ವಶಕ್ತಿ. 1957ರಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಗಂಟೆಗೆ ಸುಮಾರು 275 ಕಿ.ಮೀ. ಮುಟ್ಟಿತು. ಆ ವೇಗವನ್ನು ಡ್ರಮ್ ಬ್ರೇಕಿನಿಂದ ತಡೆಯಬೇಕಿತ್ತು.

ಹಾಗಾಗಿ ಸವಾರರಿಗೆ ಅದರ ಬಗ್ಗೆ ಅಕ್ಕರೆಗಿಂತ ಅಂಜಿಕೆಯೇ ಹೆಚ್ಚು. ಕ್ರ್ಯಾಂಕ್‌ಶಾಫ್ಟ್ ಮುರಿಯುತ್ತಿತ್ತು, ಎಂಜಿನ್ ಕೈಕೊಡುತ್ತಿತ್ತು. ಆಸ್ಟ್ರೇಲಿಯದ ಕೆನ್ ಕವನಾ ಇನ್ನು ಇದನ್ನು ಓಡಿಸಲಾರೆ ಎಂದುಬಿಟ್ಟರು. 1957ರ ಐಲ್ ಆಫ್ ಮ್ಯಾನ್ ಟಿಟಿ ಎಂಟು ಸುತ್ತಿನದು, ಸುಮಾರು 486 ಕಿ.ಮೀ. ಅಲ್ಲಿ ಡಿಕಿ ಡೇಲ್ ಸವಾರಿಯಲ್ಲಿ ಒಂದು ಸಿಲಿಂಡರ್ ಸತ್ತಿತು. ಉಳಿದ ಏಳರಲ್ಲೇ ಓಡಿಸಿ ನಾಲ್ಕನೆಯವರಾಗಿ ಗುರಿ ಮುಟ್ಟಿದರು. ಇಟಲಿಯ ಕೆಲವು ರೇಸುಗಳಲ್ಲಿ ಗೆದ್ದದ್ದುಂಟು. ವಿಶ್ವ ಚಾಂಪಿಯನ್‌ಷಿಪ್‌ನ ಒಂದು ಗ್ರ್ಯಾನ್‌ಪ್ರಿಯನ್ನೂ ಅದು ಗೆಲ್ಲಲಿಲ್ಲ. ತಮಾಷೆಯೆಂದರೆ, ಅದೇ ಕಾರ್ಖಾನೆಯ ಒಂಟಿ ಸಿಲಿಂಡರಿನ ಸಾದಾ 350 ಬೈಕು 1953ರಿಂದ 57ರವರೆಗೆ ಐದೂ ವರ್ಷ ತನ್ನ ವರ್ಗದ ವಿಶ್ವಪ್ರಶಸ್ತಿ ಹೊತ್ತು ತಂದಿತ್ತು. ಅದನ್ನು ಇಂದು ಎಷ್ಟು ಜನ ನೆನೆಯುತ್ತಾರೆ?

1957ರ ಕೊನೆಗೆ ಗುಝಿ, ಗಿಲೇರಾ, ಮೊಂಡಿಯಲ್ ಮೂರೂ ರೇಸಿನಿಂದ ಹಿಂದೆ ಸರಿದವು. ಖರ್ಚು ಏರಿತ್ತು, ಬೈಕು ಕೊಳ್ಳುವವರು ಕಡಿಮೆಯಾಗುತ್ತಿದ್ದರು. ಇನ್ನೆರಡು ವರ್ಷ ಸಿಕ್ಕಿದ್ದರೆ ಕಾರ್ಕಾನೊ ಆ ಎಂಜಿನನ್ನು ಪಳಗಿಸುತ್ತಿದ್ದರು ಎಂದೇ ನನ್ನ ನಂಬಿಕೆ. ಮುಂದೆ ಅವರೇ ರೂಪಿಸಿದ ಎರಡು ಸಿಲಿಂಡರಿನ ವಿ-ಟ್ವಿನ್ ಎಂಜಿನ್ ಕಂಪನಿಯ ಗುರುತಾಯಿತು. ಎಂಟರ ಪ್ರಯೋಗಕ್ಕೆ ಇನ್ನು ಜಾಗವಿಲ್ಲ: ಈಗಿನ ಮೋಟೋಜಿಪಿ ನಿಯಮದ ಪ್ರಕಾರ ನಾಲ್ಕಕ್ಕಿಂತ ಹೆಚ್ಚು ಸಿಲಿಂಡರ್ ಇರುವಂತಿಲ್ಲ.